ಗೂಟದಲ್ಲಿದ್ದ ಸಿಲೋನ್ ಕೋಟು

ಮನೆಗೆ ಬರುವ ನೆಂಟರಿಗೆಲ್ಲ ಸರ್ಕಾರವೇ ವೀಸಾ ಕೊಡುವಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಬಹಳ ಸಲ ಆಸೆಪಟ್ಟವನು ನಾನು. ‘ಯಾವಾಗ ಹೊರಡ್ತೀರಿ’ ಎಂದು ನಾವು ಕೇಳುವಂತಿಲ್ಲ, ಅವರಾಗಿ ಹೇಳುವುದಿಲ್ಲ. ಹಲ್ಲು ಕೀಳಿಸಲೆಂದು ಹರಿಹರದ ನಮ್ಮ ಮನೆಗೆ ಬಂದ ಮಾಯಕೊಂಡದ ಚಿಕ್ಕಪ್ಪ, ಹೊಸ ಹಲ್ಲು ಕಟ್ಟಿಸಿಕೊಂಡು ಅದರಲ್ಲಿ ಚಕ್ಕುಲಿ ತಿನ್ನುವುದನ್ನು ರೂಢಿ ಮಾಡಿಕೊಂಡೇ ಹೋದರು.

ಹೀಗಿರುವಾಗ ನನ್ನ ಹೆಂಡತಿಯ ಅಣ್ಣ ರುದ್ರಪ್ಪ ಭಾವ ಸಿಲೋನಿನಿಂದ ಬಂದರು. ಚಿಕ್ಕಂದಿನಲ್ಲೇ ಕೊಲಂಬೊದ ಅಂಗಡಿ ಸೇರಿ ಅಲ್ಲಿನವರೇ ಆಗಿಬಿಟ್ಟವರು. ಮೊದಲೆಲ್ಲ ಟಿಕೀಟು ಕೊಂಡರೆ ಸಾಕಿತ್ತು; ಈಗ ನಮ್ಮ ಮನೆಯಲ್ಲಿರುವ ಹೆತ್ತತಾಯಿಯನ್ನು ನೋಡುವುದಕ್ಕೂ ತಾತ್ಕಾಲಿಕ ವೀಸಾ ಬೇಕು. ಗಡುವಿನೊಳಗೆ ಅವರನ್ನು ಕಳಿಸಿಕೊಡುವ ಜವಾಬ್ದಾರಿಗೆ ಶಾಲಾ ಮಾಸ್ತರನಾದ ನಾನು ಸಹಿ ಹಾಕಿದ್ದೆ. ಅಷ್ಟು ಖುಷಿಯಿಂದ ಸಂಬಳಕ್ಕೂ ಸಹಿ ಹಾಕಿದವನಲ್ಲ. ಭಾವ ಒಳ್ಳೆಯವರೇ. ಆದರೆ ನನ್ನ ಆರಾಮಕುರ್ಚಿಯಲ್ಲಿ ಅವರು, ನನ್ನ ಗೂಟದಲ್ಲಿ ಅವರ ಕೋಟು. ನನ್ನ ಕೋಟು ಬಾಗಿಲ ಚಿಲಕಕ್ಕೆ.

ಗಡುವಿನ ಕೊನೆಯ ದಿನ ಮಂಗಳವಾರ; ಹೊರಡಬೇಕಾದ ರೈಲೂ ಅಂದಿನದೇ. “ಮಂಗಳವಾರ ಮಗನ್ನ ಹೊರಗ ಕಳಸಂಗಿಲ್ಲ” ಎಂದು ಅತ್ತೆಯವರು ಪಟ್ಟು ಹಿಡಿದರು. ಹಾಗಾದರೆ ಸೋಮವಾರವೇ ಪ್ರಸ್ಥಾನ ಇಡೋಣ ಎಂದೆ. ಒಳ್ಳೆಯ ದಿನ ನೋಡಿ ಪ್ರಯಾಣಿಕನ ವಸ್ತುವೊಂದನ್ನು ಬೇರೆಯವರ ಮನೆಯಲ್ಲಿಟ್ಟರೆ ಆತ ಅಂದೇ ಹೊರಟ ಲೆಕ್ಕ. ಯಾವ ವಸ್ತು ಎಂದು ಉಳಿದವರು ಯೋಚಿಸುವ ಮೊದಲೇ ನಾನು ಗೂಟದ ಕೋಟು ತೆಗೆದು, ದಾವಣಗೆರೆಯ ತಂಗಿಯ ಮನೆಯಲ್ಲಿಟ್ಟು ಬಂದೆ.

ಮಂಗಳವಾರ ಬೆಳಿಗ್ಗೆ ಹರಿಹರ ಠಾಣೆಯ ದಫೇದಾರರು ಬಂದರು. “ಪಾಸ್‌ಪೋರ್ಟ್ ಕೊಡ್ರಿ, ಊರು ಬಿಟ್ಟಿದ್ದಕ್ಕ ಮೊಹರು ಹಾಕಬೇಕು.”

ಭಾವ ಎದೆ ತಡವಿಕೊಂಡರು. “ಕೋಟಿನಾಗ ಐತೆ.”

“ಕೋಟು?”

“ಅದು ನಿನ್ನೇನೇ ಹೊರಟೈತ್ರಿ” ಎಂದೆ ನಾನು.

ದಫೇದಾರರು ನಗಲಿಲ್ಲ. “ಕೋಟು ಹೊರಟ್ರ ಸರ್ಕಾರ ಒಪ್ಪಂಗಿಲ್ರಿ ಮಾಸ್ತರ, ಮನುಷ್ಯ ಹೊರಡಬೇಕು. ಇಲ್ಲಾಂದ್ರ ಸಹಿ ಹಾಕಿದ ನಿಮ್ಮನ್ನ ಕರಸ್ತಾರ.”

ಕೋಟು ತರಲು ಓಡಿದೆ. ಅತ್ತೆಯವರು ಬಾಗಿಲಲ್ಲಿ ನಿಂತು ಎಚ್ಚರಿಸಿದರು: “ಸೀದಾ ಠಾಣೆಗೆ ಒಯ್ರಿ. ಮನೆಯೊಳಗ ತಂದ್ರ ಹೊರಟಿದ್ದು ರದ್ದಾಗತೈತೆ.”

ಬರುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರಾದರೂ ಜೇಬಿಗೆ ಕೈ ಹಾಕಿಯಾರೆಂದು ಕೋಟನ್ನು ನಾನೇ ತೊಟ್ಟುಕೊಂಡೆ. ಇಳಿದವನು ಬೆವರು ಒರೆಸಿಕೊಳ್ಳುತ್ತ ಓಡಿದೆ. ಕಾಲುಗಳು ದಿನದ ರೂಢಿಯಂತೆ ಸೀದಾ ಮನೆಗೇ ನಡೆದವು. ಕೈಗಳು ಕೋಟು ಬಿಚ್ಚಿ ಗೂಟಕ್ಕೆ ಹಾಕಿದವು. ಆಮೇಲೆ ನೋಡಿದರೆ ಮನೆಮಂದಿಯೆಲ್ಲ ಬಾಯಿ ತೆರೆದು ನಿಂತಿದ್ದಾರೆ. ಅಷ್ಟರಲ್ಲಿ ರೈಲಿನ ಸಿಳ್ಳೂ ಕೇಳಿಸಿತು.

“ಮುಗೀತು” ಎಂದರು ಅತ್ತೆಯವರು. “ರುದ್ರಾ, ಕೈಕಾಲು ತೊಳಕೊ. ರೊಟ್ಟಿ ಬಿಸಿ ಅದಾವು.”

ಆ ಮುಖದಲ್ಲಿ ಅಂಥ ಬೆಳಕನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಇವರು ಮಗನನ್ನು ಇನ್ನೊಮ್ಮೆ ನೋಡುತ್ತಾರೋ ಇಲ್ಲವೋ, ನಾನು ಗೂಟದ ಚಿಂತೆಯಲ್ಲಿದ್ದೆನಲ್ಲ ಎಂದು ನಾಚಿಕೆಯಾಯಿತು. ಸಂಜೆಯೇ ಠಾಣೆಗೆ ಹೋಗಿ ದಫೇದಾರರ ಕೈಕಾಲು ಹಿಡಿದು, ಗಡುವು ಮುಂದಕ್ಕೆ ಹಾಕಲು ಅರ್ಜಿ ಕೊಟ್ಟು, ಜವಾಬ್ದಾರಿಗೆ ಮತ್ತೆ ನಾನೇ ಸಹಿ ಹಾಕಿದೆ.

ಮನೆಗೆ ಬಂದು ವಿಷಯ ತಿಳಿಸಿದಾಗ ಅತ್ತೆಯವರು ನನಗೂ ಬಿಸಿ ರೊಟ್ಟಿ ಹಾಕಿ, ಬಹಳ ಅಕ್ಕರೆಯಿಂದ ಹೇಳಿದರು: “ಮುಂದಿನ ಸಲ ಪರಸ್ತಾನಕ್ಕ ನಿಮ್ಮ ಕೋಟು ಕಳಸ್ರಿ ಅಳಿಯಂದ್ರ. ಅದರ ಜೇಬಿನಾಗ ಹೆಂಗೂ ಏನೂ ಇರಂಗಿಲ್ಲ.”

ಊಟ ಮುಗಿಸಿ, ಚಿಲಕಕ್ಕೆ ತೂಗುತ್ತಿದ್ದ ನನ್ನ ಕೋಟಿನ ಜೇಬುಗಳನ್ನು ಮುಟ್ಟಿ ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು.