ಸೆನ್ಸರಿಗೆ ಎಣ್ಣೆ ಸ್ನಾನ

ಹೆಬ್ಬೆರಳಿನಷ್ಟಿರುವ ಒಂದು ಸೆನ್ಸರಿಗೆ ನಾನು ಎರಡು ಸಲ ದುಡ್ಡು ತೆತ್ತಿದ್ದೇನೆ. ಚೌಕಾಶಿ ಮಾಡದೆ ತೆತ್ತೆನೆಂದು ತಿಳಿಯಬೇಡಿ. ಎರಡು ಸಲವೂ ಬೀದರಿನ ಅಂಗಡಿಯವರನ್ನು ಹೇಳಿದ ಬೆಲೆಯ ಅರ್ಧಕ್ಕೆ ಇಳಿಸಿ, ಕುಸ್ತಿ ಗೆದ್ದವನ ಹಾಗೆ ಹೊರಬಂದೆ. "ಬ್ಯಾಡಾದ ಸಾಮಾನ ಅರ್ಧಕ್ಕ ತಂದ್ರ ಉಳೀತೇನ್ರಿ, ಹೋಯ್ತೇನ್ರಿ?" ಎಂದು ಹೆಂಡತಿ ಕೇಳಿದಾಗ ಮಾತ್ರ ನನಗೆ ತುರ್ತಾಗಿ ಹೊರಗೆ ಕೆಲಸ ನೆನಪಾಯಿತು.

ತಪ್ಪು ಧೂಳಿನದು. ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ಔರಾದ ಕಡೆ ರಸ್ತೆ ಯಾವುದು, ಹೊಲ ಯಾವುದು ಎಂದು ತಿಳಿಯದಷ್ಟು ಧೂಳು. ಗುಳೆ ಹೊರಟವರನ್ನು ಗಂಟುಮೂಟೆ ಸಮೇತ ಭಾಲ್ಕಿ ಸ್ಟೇಷನ್ನಿಗೆ ಮುಟ್ಟಿಸುವುದು ನನ್ನ ಬಾಡಿಗೆ ಕಾರಿನ ಕೆಲಸ. ನಮ್ಮ ಹಳೆಯ ಟ್ರ್ಯಾಕ್ಟರುಗಳಲ್ಲಿ ಗಾಳಿ ಸೋಸುವ ಡಬ್ಬಿಯ ತಳಕ್ಕೆ ಎಣ್ಣೆ ಹಾಕುತ್ತಾರೆ. ಧೂಳು ಅದರಲ್ಲಿ ಸಿಕ್ಕಿಬೀಳುತ್ತದೆ. ಟ್ರ್ಯಾಕ್ಟರ್ ಓಡಿಸಿಯೇ ಮೇಲೆ ಬಂದವನಿಗೆ ಅದನ್ನು ಹೇಳಿಕೊಡಬೇಕೆ? ಕಾರಿನ ಕಾಗದದ ಫಿಲ್ಟರಿಗೂ ಕೂಸಿನ ನೆತ್ತಿಗೆ ಹಚ್ಚುವ ಪ್ರೀತಿಯಿಂದ ಎಣ್ಣೆ ಹಚ್ಚಿದೆ.

ಕಾರು ಏರು ಬಂದಲ್ಲೆಲ್ಲ ಮುಗ್ಗರಿಸತೊಡಗಿತು. ಮೊದಲು ಡೀಸೆಲಿನಲ್ಲಿ ಕಲಬೆರಕೆ ಎಂದೆ. ಗ್ಯಾರೇಜಿನವನು ಮಷೀನು ಹಚ್ಚಿ ನೋಡಿ, ಇಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ಕೆಟ್ಟಿದೆ ಎಂದ. ಹೊಸದು ಹಾಕಿಸಿದೆ; ಕೆಲವು ದಿನ ಕುದುರೆಯಂತೆ ಓಡಿ ಮತ್ತೆ ಅದೇ ಗೋಳು. ಮಾಲೇ ಖೋಟಾ ಎಂದು ಅಂಗಡಿ ಬದಲಿಸಿ ಇನ್ನೊಂದು ತಂದೆ.

ಅಂಥ ಹೊತ್ತಿನಲ್ಲಿ ಕುರಿ ಕಾಯುವ ಮಾಣಿಕಪ್ಪ, ಅವನ ಹೆಂಡತಿ ತುಳಜಾಬಾಯಿ ನನ್ನ ಕಾರು ಹತ್ತಿದರು. ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದ ಮಗಳಿಗೆ ದಿನ ತುಂಬಿತ್ತು. ಅಲ್ಲಿ ನೋಡಿಕೊಳ್ಳಲು ಹೆಂಗಸರು ಯಾರೂ ಇರಲಿಲ್ಲ. ರೈಲು ತಪ್ಪಿದರೆ ಇನ್ನೊಂದು ಮರುದಿನವೇ. ಭಾಲ್ಕಿ ಕಣ್ಣಿಗೆ ಕಾಣುವಾಗ, ಏರಿನ ನಡುವೆ, ಕಾರು ನಿಂತಿತು.

"ಯಾಕ್ರಿ ಸಾಹೇಬ್ರ, ಗಾಡಿ ದಮ್ಮು ಹತ್ತಿದಂಗ ಮಾಡ್ಲತ್ತದಲ್ರಿ?" ಎಂದ ಮಾಣಿಕಪ್ಪ.

"ಹೊಸಾ ಸೆನ್ಸರ್ ಹಾಕೀನಿ ಕಾಕಾ, ಅರ್ಧ ಬೆಲೀಗಿ."

"ಅದಕ್ಕ ಅರ್ಧ ದಾರ್ಯಾಗ ನಿಂತದೇನ್ರಿ?" ಎಂದಳು ತುಳಜಾಬಾಯಿ. ನಗುತ್ತಿರಲಿಲ್ಲ. ಬಾಣಂತಿಗೆಂದು ಕಟ್ಟಿಕೊಂಡ ಗಂಟನ್ನು ಎದೆಗವಚಿಕೊಂಡು ರಸ್ತೆಯನ್ನೇ ನೋಡುತ್ತಿದ್ದಳು.

ನನಗೆ ತಲೆ ಕೆಟ್ಟಿತು. ಬಾನೆಟ್ ಎತ್ತಿ, ಹಾಳಾಗಿ ಹೋಗಲೆಂದು ಆ ಸೆನ್ಸರಿನ ವೈರನ್ನೇ ಕಿತ್ತು, ಸುಮ್ಮನೆ ಚಾವಿ ತಿರುವಿದೆ. ಕಾರು ಹೊರಟಿತು! ತಪ್ಪು ಲೆಕ್ಕ ಹೇಳುವವನ ಬಾಯಿ ಮುಚ್ಚಿಸಿದ ಕೂಡಲೇ ಇಂಜಿನ್ ತನ್ನದೇ ಅಂದಾಜಿನಲ್ಲಿ ನಡೆದಿತ್ತು.

"ಹಚ್ಚಿದ್ರ ನಿಂದರ್ತದ, ಕಿತ್ತಿದ್ರ ಓಡ್ತದ. ಮತ್ತ ಕೊಂಡಿದ್ದು ಯಾತಕ್ರಿ?" ಮಾಣಿಕಪ್ಪನಿಗೆ ನಿಜವಾಗಿ ತಿಳಿಯಬೇಕಿತ್ತು.

"ಕಾಕಾ, ನೀವು ಗಂಟು ಗಟ್ಟಿ ಹಿಡೀರಿ" ಎಂದೆ.

ಸ್ಟೇಷನ್ನಿನಲ್ಲಿ ರೈಲು ಇನ್ನೂ ನಿಂತಿತ್ತು. ಇಬ್ಬರನ್ನೂ ತಳ್ಳಿ ಹತ್ತಿಸಿದೆ. ಅದು ಹೋದ ಮೇಲೆ ಗಾಳಿ ಪೈಪು ಬಿಚ್ಚಿ ಒಳಗೆ ಬೆರಳಾಡಿಸಿದರೆ, ಮಿರ್ಚಿ ಭಜಿ ತಿಂದ ಕೈಯಂತೆ ಎಣ್ಣೆ! ಫಿಲ್ಟರಿಗೆ ನಾನು ಹಚ್ಚಿದ್ದು ಗಾಳಿಯ ಜೊತೆ ಹೋಗಿ ಸೆನ್ಸರಿಗೆ ಮೆತ್ತಿತ್ತು. ಮನೆಗೆ ಬಂದು ತೊಳೆದು ನೋಡಿದರೆ ಕೊಂಡ ಎರಡೂ ಸರಿ, ಕಾರಿನ ಮೂಲದ್ದೂ ಸರಿ.

ಆದ್ದರಿಂದ ಕೇಳಿ. ಕಾಗದದ ಫಿಲ್ಟರಿಗೆ ಹನಿ ಎಣ್ಣೆಯೂ ಬೇಡ, ಹೊಲಸಾದರೆ ಬದಲಿಸಿ. ಕಾರು ಏರಿಗೆ ಮುಗ್ಗರಿಸಿದರೆ ಸೆನ್ಸರಿನ ವೈರು ಕಿತ್ತು ನೋಡಿ. ಚೆನ್ನಾಗಿ ಓಡಿದರೆ ಪೈಪಿನೊಳಗೆ ಬೆರಳಾಡಿಸಿ. ಜಿಡ್ಡಿದ್ದರೆ ಆ ಸೆನ್ಸರಿಗೆಂದೇ ಸಿಗುವ ಸ್ಪ್ರೇ ಹೊಡೆದು ಆರಲು ಬಿಡಿ, ಬಟ್ಟೆಯಿಂದ ಉಜ್ಜಬೇಡಿ. ಇಷ್ಟನ್ನೂ ಯಾರಾದರೂ ಗಾಡಿ ಹತ್ತುವ ಮೊದಲೇ ಮಾಡಿ. ಮಗಳ ಬಾಣಂತನಕ್ಕೆ ಹೊರಟ ತಾಯಿ ಹಿಂದಿನ ಸೀಟಿನಲ್ಲಿ ಕೂತಿದ್ದಾಗ ಬಾನೆಟ್ ಎತ್ತಿದರೆ, ಎಂಥ ಜಾಣನಿಗೂ ಯಾವ ವೈರು ಯಾವುದೆಂದು ತೋಚುವುದಿಲ್ಲ. ನಾನು ಮೊದಲು ಕಿತ್ತದ್ದು ಹಾರ್ನಿನದು.