ಬಿದ್ದರೆ ಫೋನ್ ಮಾಡಬೇಕಾದ ನಂಬರು

ದ್ರಾಕ್ಷಿಯನ್ನು ಹೊರದೇಶಕ್ಕೆ ಕಳಿಸುತ್ತೇನೆಂದು ಹೊರಟವನನ್ನು ನಗೆಪಾಟಲು ತಾನಾಗಿಯೇ ಹುಡುಕಿಕೊಂಡು ಬರುತ್ತದೆ, ಕರೆಯಬೇಕಾಗಿಲ್ಲ. ಮೇಲೂರಿನ ಹೊರಗೆ ನನ್ನದೊಂದು ದ್ರಾಕ್ಷಿ ತೋಟವಿದೆ. ತೋಟದಲ್ಲೇ ಮನೆ. ಹೆಂಡತಿ ತೀರಿಹೋದಮೇಲೆ ಆ ಮನೆಯಲ್ಲಿ ನಾನೊಬ್ಬನೇ. ನಮಗೆ ಮಕ್ಕಳಿಲ್ಲ. ಒಂದು ದಿನ ಎಕ್ಸ್‌ಪೋರ್ಟ್ ಕಂಪನಿಯವರು ಬಂದು, "ಹಣ್ಣು ಚೆನ್ನಾಗಿದೆ ಯಜಮಾನ್ರೇ, ಆದ್ರೆ ತೋಟಕ್ಕೆ ಸರ್ಟಿಫಿಕೇಟ್ ಆಗ್ಬೇಕು" ಅಂದರು.

"ತಿನ್ನೋರು ಹಣ್ಣು ನೋಡ್ತಾರೋ, ತೋಟ ನೋಡ್ತಾರೋ?"

"ತೋಟ, ಔಷಧಿ ಡಬ್ಬ, ನಿಮ್ಮ ಬಚ್ಚಲು, ನಿಮ್ಮ ಉಗುರು, ಎಲ್ಲಾ ನೋಡ್ತಾರೆ."

ಒಬ್ಬನೇ ಇರುವವನ ಉಗುರು ನೋಡಲಿಕ್ಕೂ ಯಾರೋ ಅಷ್ಟು ದೂರದಿಂದ ಬರುತ್ತಾರಲ್ಲ ಎಂಬ ಖುಷಿಗೆ ಒಪ್ಪಿಕೊಂಡುಬಿಟ್ಟೆ.

ಬೋರ್ಡು ಬಂತು

ಮೊದಲು ಗೇಟಿಗೆ ಬೋರ್ಡು ಬಂತು. ಅನುಮತಿ ಇಲ್ಲದೆ ಪ್ರವೇಶವಿಲ್ಲ. ಬೀಡಿ, ಎಲೆಅಡಿಕೆ, ತಿಂಡಿ ಯಾವುದೂ ಇಲ್ಲ. ಬಂದವರು ಸಹಿ ಹಾಕಿ, ಕೈ ತೊಳೆದು, ತಲೆಗೆ ಟೋಪಿ ಹಾಕಿಕೊಳ್ಳಬೇಕು. ಅಲ್ಲಿಯವರೆಗೆ ಸಾಯಂಕಾಲವಾದರೆ ನಾಲ್ಕು ಜನ ಬಂದು ಚಪ್ಪರದ ಕೆಳಗೆ ಕೂತು, ಎಲೆಅಡಿಕೆ ಜಗಿಯುತ್ತಾ ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದರು. ಬೋರ್ಡು ಬಂದಮೇಲೆ ಒಬ್ಬೊಬ್ಬರಾಗಿ ನಿಂತುಹೋದರು. ಕೊನೆಗೆ ಉಳಿದವನು ನನ್ನ ಬಾಲ್ಯದ ಗೆಳೆಯ, ರೇಷ್ಮೆ ಹುಳ ಸಾಕುವವನು. ಅವನು ಗೇಟಿನಾಚೆ ನಿಂತು ಬೋರ್ಡನ್ನು ಪೂರ್ತಿ ಓದಿದ.

"ಸಹಿ ಹಾಕ್ಬೇಕೇನೋ? ನಾನೇನು ಜಾಮೀನಿಗೆ ಬಂದಿದೀನಾ?"

"ರೂಲ್ಸು ಕಣೋ. ನಿನ್ನ ಹುಳದ ಮನೆಗೆ ನೀನು ಯಾರನ್ನಾದ್ರೂ ಬಿಡ್ತೀಯಾ? ಅವತ್ತು ಹೊಸಿಲು ತುಳಿದಿದ್ದಕ್ಕೇ ಹೆಂಗೆ ಅರಚ್ಕೊಂಡೆ ನನ್ನ ಮೇಲೆ!"

"ಅದು ಜೀವ ಕಣೋ. ನೀನು ಬೀಡಿ ವಾಸನೆ ಹೊತ್ಕೊಂಡು ಬಂದ್ರೆ ಸತ್ತೋಗ್ತವೆ. ದ್ರಾಕ್ಷಿ ಏನು, ನನ್ನ ಮುಖ ನೋಡಿ ಸಾಯ್ತದಾ?"

"ಸಾಯಲ್ಲ. ಫಾರಿನ್‌ಗೆ ಹೋಗಲ್ಲ, ಅಷ್ಟೆ."

ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದವನು ಮತ್ತೆ ಬರಲಿಲ್ಲ. ಸಂಜೆ ಹೊತ್ತು ತೋಟ ಬಿಕೋ ಅನ್ನತೊಡಗಿತು. ಬೋರ್ಡು ದಾಟಿ ಬರುತ್ತಿದ್ದುದು ಊರ ನಾಯಿಯೊಂದೇ, ಅದಕ್ಕೆ ಓದು ಬರುವುದಿಲ್ಲವಲ್ಲ. ಅದನ್ನೂ ಓಡಿಸಬೇಕೆಂದು ರೂಲ್ಸಿನಲ್ಲಿತ್ತು.

ಬೂಟಿಗೆ ಕುಂಕುಮ

ಆಮೇಲೆ ಕಂಪನಿಯಿಂದ ರಬ್ಬರ್ ಬೂಟು, ಮಾಸ್ಕು, ಗಾಯಕ್ಕೆ ಹಚ್ಚುವ ಔಷಧಿಯ ಪೆಟ್ಟಿಗೆ ಬಂದವು. ನಮ್ಮ ತೋಟದಲ್ಲಿ ಹೆಂಡತಿಯ ಕಾಲದಿಂದ ಕೆಲಸಕ್ಕೆ ಬರುವ ಅಜ್ಜಿಯೊಬ್ಬಳಿದ್ದಾಳೆ. ಚಪ್ಪರದೊಳಗೆ ಅವಳು ಚಪ್ಪಲಿ ಮೆಟ್ಟುವುದಿಲ್ಲ, ಬಳ್ಳಿ ಅಂದರೆ ಲಕ್ಷ್ಮಿ ಅನ್ನುತ್ತಾಳೆ. ಬಂದ ಸಾಮಾನನ್ನೆಲ್ಲ ಅವಳ ಕೈಗೇ ಕೊಟ್ಟೆ.

ತಪಾಸಣೆಯ ದಿನ ಬಂತು. ಬಂದ ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನವರು, ಮುಖದಲ್ಲಿ ನಗುವಿನ ಗೆರೆಯಿಲ್ಲ. ಅಜ್ಜಿ ಬರಿಗಾಲಲ್ಲಿ ನಿಂತಿದ್ದಳು.

"ಬೂಟು ಎಲ್ಲಮ್ಮ?"

ಅಜ್ಜಿ ಭಕ್ತಿಯಿಂದ ಪಂಪ್‌ಹೌಸಿಗೆ ಕರೆದುಕೊಂಡು ಹೋದಳು. ಲಕ್ಷ್ಮಿ ಫೋಟೋದ ಕೆಳಗೆ ಬೂಟುಗಳು ಸಾಲಾಗಿ ನಿಂತಿದ್ದವು. ಒಂದೊಂದರ ಮೂತಿಗೂ ಕುಂಕುಮ, ಮೇಲೊಂದು ಒಣಗಿದ ಸೇವಂತಿಗೆ. ಆಯುಧಪೂಜೆಯ ದಿನ ಇಟ್ಟವನ್ನು ಅವಳು ಇಳಿಸಿಯೇ ಇರಲಿಲ್ಲ.

"ಇದನ್ನ ಕಾಲಿಗೆ ಹಾಕ್ಕೋಬೇಕಮ್ಮ."

"ಅಯ್ಯೋ ದೇವುಡಾ! ಪೂಜೆ ಮಾಡಿದ್ದನ್ನ ಕಾಲಿಗೆ ಹಾಕ್ಕೋತಾರೇನಪ್ಪ?"

ಅವರು ಔಷಧಿ ಪೆಟ್ಟಿಗೆ ತೆರೆದರು. ಒಳಗಿನ ಸೀಸೆಗಳ ಸೀಲು ಕೂಡ ಒಡೆದಿರಲಿಲ್ಲ.

"ಗಾಯ ಆದ್ರೆ ಏನು ಹಚ್ತೀರಿ?"

"ಅರಿಶಿನ."

"ಹಂಗಾದ್ರೆ ಈ ಪೆಟ್ಟಿಗೆ ಯಾಕಿಟ್ಟಿದೀರಿ?"

"ನೀವು ಬಂದು ನೋಡ್ತೀರಂತಲ್ಲ, ಅದಕ್ಕೆ."

ಗಾಜಿನಾಚೆಯ ಊಟ

ಮನೆಗೆ ಒಬ್ಬರು ಊಟದ ಹೊತ್ತಿಗೆ ಬರುತ್ತಿದ್ದಾರೆ ಅನ್ನುವುದೇ ನನಗೆ ಹಬ್ಬ. ಬೆಳಗ್ಗೆ ಎದ್ದು ಮುದ್ದೆ, ಬಸ್ಸಾರು, ಹುರುಳಿಕಾಯಿ ಪಲ್ಯ ಮಾಡಿದ್ದೆ. ಎರಡು ತಟ್ಟೆ ಇಟ್ಟು ಎಷ್ಟು ಕಾಲವಾಗಿತ್ತೋ! ಎರಡನೆಯದನ್ನು ತೊಳೆದು, ಒರೆಸಿ, ಮತ್ತೆ ತೊಳೆದೆ.

"ಸಾರಿ ಯಜಮಾನ್ರೇ, ತಪಾಸಣೆ ಮಾಡೋ ಕಡೆ ನಾವು ನೀರೂ ಮುಟ್ಟೋ ಹಂಗಿಲ್ಲ" ಅಂದರು ಅವರು. ಕಾರಿನಲ್ಲಿ ಕೂತು, ಗಾಜು ಏರಿಸಿಕೊಂಡು ತಮ್ಮ ಡಬ್ಬಿ ಬಿಚ್ಚಿದರು. ನಾನು ಜಗಲಿಯ ಮೇಲೆ ಅವರಿಗೆ ಎದುರಾಗಿ ಕೂತೆ. ಇಬ್ಬರೂ ಹಾಗೆಯೇ ಊಟ ಮಾಡಿದೆವು. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಒಬ್ಬನೇ ತಿನ್ನುವುದಕ್ಕಿಂತ ಮೇಲು ಅನ್ನಿಸಿತು. ನಡುವೆ ಒಮ್ಮೆ ಅವರು ಗಾಜು ಇಳಿಸಿದರು. ಸಾರು ಕೇಳುತ್ತಾರೇನೋ ಎಂದು ಸೌಟು ಹಿಡಿದು ಎದ್ದೇಬಿಟ್ಟೆ.

"ಊಟಕ್ಕೆ ಮುಂಚೆ ಕೈ ತೊಳ್ಕೊಂಡ್ರಾ?" ಎಂದು ಕೇಳಿ ಗಾಜು ಏರಿಸಿದರು.

ಬಿದ್ದವನು ಎತ್ತಿದ ಫೋನು

ಊಟವಾದ ಮೇಲೆ ಅವರ ಕಣ್ಣು ತುರ್ತು ಸಂದರ್ಭದ ಬೋರ್ಡಿಗೆ ಬಿತ್ತು. ಬಳ್ಳಿಗೆ ಔಷಧಿ ಹೊಡೆಯುವಾಗ ಯಾರಿಗಾದರೂ ತಲೆಸುತ್ತು ಬಂದರೆ ಫೋನ್ ಮಾಡಲು ಅಲ್ಲೊಂದು ನಂಬರು ಇರಬೇಕು. ಆ ಬೋರ್ಡು ಬರೆಯುವಾಗ ಪೇಂಟರು, "ಯಾರ ನಂಬರ್ ಹಾಕ್ಲಿ?" ಅಂತ ಕೇಳಿದ್ದ. ಹೆಂಡತಿಯ ನಂಬರು ಬಾಯಿಯವರೆಗೆ ಬಂದಿತ್ತು. ನುಂಗಿಕೊಂಡು ನನ್ನದನ್ನೇ ಹೇಳಿದ್ದೆ.

"ಈಗ ನೀವು ಬಿದ್ದಿರಿ ಅಂತ ಇಟ್ಕೊಳ್ಳೋಣ. ಮಲಗಿ" ಅಂದರು ಅಧಿಕಾರಿ. ಮಲಗಿದೆ. "ಅಮ್ಮಾ, ಈಗ ನೀವೇನು ಮಾಡ್ತೀರಿ?"

ಅಜ್ಜಿ ಬೋರ್ಡು ನೋಡಿ ಒಂದೊಂದೇ ಅಂಕಿ ಒತ್ತಿದಳು. ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಬಿದ್ದವನು ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಎತ್ತಿದೆ.

"ಬೇಗ ಬಾರಣ್ಣ! ನಮ್ಮಣ್ಣ ತೋಟದಲ್ಲಿ ಬಿದ್ದೋಗವ್ರೆ!" ಎಂದು ಅಜ್ಜಿ ನನ್ನ ಪಕ್ಕದಲ್ಲೇ ನಿಂತು ಫೋನಿನಲ್ಲಿ ಕಿರುಚಿದಳು.

"ಗಾಬರಿ ಆಗ್ಬೇಡ, ಬಂದೆ."

"ಎಲ್ಲಿದೀಯಣ್ಣ?"

"ಇಲ್ಲೇ ಬಿದ್ದಿದೀನಿ."

ಅಧಿಕಾರಿ ಕೊನೆಗೂ ನಕ್ಕರು. ಕಣ್ಣೊರೆಸಿಕೊಂಡು, "ಬೂಟು ಇವತ್ತೇ ಇಳಿಸಿ ಹಾಕ್ಕೊಳ್ಳಿ, ಅದು ಬಿಡ್ತೀನಿ. ಇದು ಮಾತ್ರ ಬಿಡೋಕಾಗಲ್ಲ ಯಜಮಾನ್ರೇ. ನಿಜವಾಗಿ ಬರೋ ಒಬ್ಬರ ನಂಬರ್ ಬೇಕು. ಇಲ್ದಿದ್ರೆ ಸರ್ಟಿಫಿಕೇಟ್ ಇಲ್ಲ" ಅಂದರು.

ಕೊಯ್ಲಿಗೆ ಬಂದ ಹಣ್ಣು ಚಪ್ಪರದಲ್ಲಿ ನೇತಾಡುತ್ತಿತ್ತು. ಫೋನು ತೆಗೆದು ಇದ್ದಬದ್ದ ಹೆಸರನ್ನೆಲ್ಲ ಮೇಲಿನಿಂದ ಕೆಳಕ್ಕೆ ನೋಡಿದೆ. ಗೊಬ್ಬರದಂಗಡಿ, ಲೈನ್‌ಮನ್, ಗ್ಯಾಸಿನವನು. ನಾನು ಬಿದ್ದರೆ ಓಡಿಬರುವ ಹೆಸರು ಅದರಲ್ಲಿರಲಿಲ್ಲ. ಅಭಿಮಾನ ಬಿಟ್ಟು ಗೆಳೆಯನ ಮನೆಗೆ ಹೋಗಿ, ಹುಳದ ಮನೆಯಿಂದ ದೂರದಲ್ಲೇ ನಿಂತು ಕೂಗಿದೆ.

"ನಿನ್ನ ನಂಬರ್ ಬರ್ಕೊಳ್ಲೇನೋ?"

"ಯಾಕೆ?"

"ನಾನು ಬಿದ್ರೆ ಬರೋಕೆ."

ಅವನು ಹಿಪ್ಪುನೇರಳೆ ಸೊಪ್ಪಿನ ಪುಟ್ಟಿ ಕೆಳಗಿಟ್ಟ. "ಬರ್ಕೋ" ಅಂದ.

ಸರ್ಟಿಫಿಕೇಟ್ ಬಂತು, ಹಣ್ಣು ಹಡಗು ಹತ್ತಿತು. ಈಗ ದಿನಾ ಬೆಳಗ್ಗೆ ಅವನ ಫೋನು ಬರುತ್ತದೆ.

"ಬಿದ್ದಿದೀಯೇನೋ?"

"ಇಲ್ಲ ಕಣೋ."

"ಸರಿ, ಇಡ್ತೀನಿ."

ಮೊನ್ನೆ ಯಾಕೋ ಮನೆಯಲ್ಲಿ ಒಬ್ಬನೇ ಕೂರಲಾಗಲಿಲ್ಲ. ಅವನು ಕೇಳಿದಾಗ, "ಹೂಂ ಕಣೋ, ಬಿದ್ದಿದೀನಿ" ಅಂದುಬಿಟ್ಟೆ. ಮೊಪೆಡ್ಡಿನಲ್ಲಿ ಬನಿಯನ್ನಿನಲ್ಲೇ ಬಂದ, ಕೈಗಂಟಿದ್ದ ಸೊಪ್ಪು ಕೂಡ ಒರೆಸಿರಲಿಲ್ಲ. ನಾನು ಜಗಲಿಯ ಮೇಲೆ ಎರಡು ಲೋಟ ಕಾಫಿ ಇಟ್ಟುಕೊಂಡು ಕೂತಿದ್ದೆ. ಏದುಸಿರು ಬಿಡುತ್ತಲೇ ಬಾಯಿಗೆ ಬಂದಂತೆ ಬೈದ. ಬೈಗುಳ ಮುಗಿಯುವ ಹೊತ್ತಿಗೆ ಪಕ್ಕದಲ್ಲಿ ಕೂತಿದ್ದ. ಕಾಫಿ ಕುಡಿದ. ಖಾಲಿ ಲೋಟದೊಳಗೆ ಒಮ್ಮೆ ಇಣುಕಿ ನೋಡಿ, ಎದ್ದು ಮೊಪೆಡ್ ಹತ್ತಿದ.

"ಇನ್ನೊಂದ್ಸಲ ಬೀಳೋದಾದ್ರೆ" ಅಂದ, "ಬೋಂಡ ಕರಿದಿಟ್ಟು ಬೀಳು."