ಮುಖವಿಲ್ಲದ ಎರಡು ಕೈಗಳಿಗೆ, ಒಂದು ಪುಟ್ಟ ಪಾದದ ವಿಚಾರವಾಗಿ

ಮಾನ್ಯ ಬಲಗೈಯವರಿಗೂ ಅಷ್ಟೇ ಮಾನ್ಯರಾದ ಎಡಗೈಯವರಿಗೂ,

ಮೊದಲಿಗೆ ಕುಶಲ ವಿಚಾರ. ಹೆಬ್ಬೆರಳು ಕ್ಷೇಮವೇ? ತೋರುಬೆರಳು, ನಡುಬೆರಳು ಚೆನ್ನಾಗಿವೆಯೇ? ಉಂಗುರಬೆರಳಿನ ಆ ತೆಳ್ಳನೆಯ ಉಂಗುರಕ್ಕೆ ಇವತ್ತಿಗೂ ಒಂದು ಚೂರು ಹಿಟ್ಟು ಅಂಟಿಲ್ಲ ತಾನೇ? ಕಿರುಬೆರಳು ಈಗಲೂ ಹಾಗೇ ಕೊಂಚ ಮೇಲಕ್ಕೆತ್ತಿಕೊಂಡೇ ಓಡಾಡುತ್ತದೆಯೇ? ಮಕ್ಕಳಿಗಾಗಿ ಅದು ಇದು ಮಾಡಿ ತೋರಿಸುವ ನಿಮ್ಮ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡತೊಡಗಿದ ಮೇಲೆ ನಿಮ್ಮ ಹತ್ತೂ ಬೆರಳುಗಳನ್ನು ಸ್ವಂತ ನೆಂಟರ ಹಾಗೆ ಬಲ್ಲೆ. ಮುಖವನ್ನು ಮಾತ್ರ ನೀವು ಒಮ್ಮೆಯೂ ತೋರಿಸಿಲ್ಲವಾದ್ದರಿಂದ ಅದರ ಯೋಗಕ್ಷೇಮವನ್ನು ಹೇಗೆ ಕೇಳುವುದೆಂದು ತಿಳಿಯದೆ ಬಿಟ್ಟಿದ್ದೇನೆ, ಕ್ಷಮಿಸಬೇಕು.

ನನ್ನ ಪರಿಚಯ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಬೀದಿಯ ಅರ್ಧ ಮಕ್ಕಳಿಗೆ ಶಾಲೆಯ ಅಂಗಿ ಹೊಲಿದುಕೊಟ್ಟು ಈಗ ಕಣ್ಣು ಮಂಜಾಗಿ ಕೂತಿರುವ ಒಬ್ಬ ಅಜ್ಜಿ. ನನ್ನ ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು; ಹೆರಿಗೆ ರಜೆ ಮುಗಿದು ಸೋಮವಾರದಿಂದ ಮತ್ತೆ ಹೋಗಬೇಕಾಗಿತ್ತು. ಈಗಷ್ಟೇ ಎರಡು ಹಲ್ಲು ಬಂದಿರುವ ಮೊಮ್ಮಗಳು ಚಿನಕುರಳಿ ಹಗಲಿಡೀ ನನ್ನ ಹತ್ತಿರ ಇರುತ್ತಾಳೆಂದು ನಾನು ಗಟ್ಟಿಯಾಗಿ ನಂಬಿಕೊಂಡಿದ್ದೆ. ಆದರೆ ಮಗಳು ಬೀದಿ ತಿರುವಿನ ಡೇ ಕೇರ್ ನೋಡಿಕೊಂಡು ಬಂದವಳು, ಚಪ್ಪಲಿ ಬಿಡುತ್ತಲೇ, "ಅಲ್ಲಿ ಮಕ್ಕಳ ಕೈಲಿ ಏನೇನೆಲ್ಲ ಮಾಡಿಸ್ತಾರೆ ಗೊತ್ತಾ ಅಮ್ಮ, ನೀನಾದ್ರೆ ಪಾಪ, ತೊಡೆ ಮೇಲೆ ಕೂರಿಸ್ಕೊಂಡು ತಟ್ಟೋದು ಬಿಟ್ಟು ಇನ್ನೇನು ಮಾಡ್ತೀಯ" ಅಂದುಬಿಟ್ಟಳು. ಆ "ಪಾಪ" ಎಂಬ ಮಾತು ನನ್ನನ್ನು ನೇರವಾಗಿ ತಮ್ಮ ಪಾದಕ್ಕೆ, ಅಲ್ಲ, ತಮ್ಮ ಕೈಗಳಿಗೆ ತಂದು ಹಾಕಿತು.

ಮೊದಲು ತಾವು ಕಲಿಸಿದ್ದು ಕ್ಯಾರೆಟ್ಟನ್ನು ಬೇಯಿಸಿ ಕಿವುಚಿ ಮಗುವಿಗೆ ತಿನ್ನಿಸುವುದು. ತಮ್ಮ ವಿಡಿಯೊದ ಮಗು ಬ್ಯಾಂಕಿನ ಕಿಟಕಿಗೆ ಚಲನ್ ಕೊಡುವವರ ಸಾವಧಾನದಲ್ಲಿ ಬಾಯಿ ತೆರೆಯುತ್ತದೆ. ನಮ್ಮ ಚಿನಕುರಳಿ ಬಟ್ಟಲಿಗೆ ಅಂಗೈ ಅದ್ದಿ ಹೊಲಿಗೆ ಮೆಷಿನ್ನಿನ ಪಕ್ಕದ ಗೋಡೆಗೆ ಪಟಾರನೆ ಬಡಿದಳು. ಐದು ಬೆರಳೂ ಎದ್ದು ಕಾಣುವ ಆ ಕೇಸರಿ ಗುರುತನ್ನು ಒರೆಸುವುದಕ್ಕೆ ಹೋದರೆ ಸುಣ್ಣ ಕಿತ್ತು ಬಂದೀತೆಂದು ಹಾಗೇ ಬಿಟ್ಟೆ.

ಆಮೇಲೆ ತೊಟ್ಟಿಲ ಮೇಲೆ ತೂಗುಬಿಡುವ ಹತ್ತಿಯ ಮೋಡಗಳು. ಒಂದು ಹೊಲಿಗೆಯೂ ಬೇಡ, ಗ್ಲೂ ಗನ್ ಸಾಕು ಎಂದು ತಾವು ಅಪ್ಪಣೆ ಕೊಡಿಸಿದಿರಿ. ಸೂಜಿಯಿಂದ ಅನ್ನ ತಿಂದವಳಿಗೆ ಸೂಜಿ ಬೇಡ ಎನ್ನುವ ತಮ್ಮ ಔದಾರ್ಯವನ್ನು ನಾನು ಮರೆಯುವ ಹಾಗಿಲ್ಲ, ಏಕೆಂದರೆ ಗಂಡನಿಗೂ ಮುಟ್ಟಲು ಕೊಡದ ನನ್ನ ದೊಡ್ಡ ಕತ್ತರಿ ಅವತ್ತು ಆ ಗನ್ನಿನ ಅಂಟಿಗೆ ಸಿಕ್ಕಿ ಒಂದು ಮೋಡವನ್ನು ಕಚ್ಚಿಕೊಂಡದ್ದು ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಇಷ್ಟಾದರೂ ನನ್ನ ಭಕ್ತಿ ಕುಂದಲಿಲ್ಲವೆಂಬುದನ್ನು ಗಮನಿಸಬೇಕು. ಭಾನುವಾರ ಮಗಳೂ ಅಳಿಯನೂ ಮನೆಯಲ್ಲಿದ್ದಾಗಲೇ ನನ್ನ ಕೈಚಳಕ ತೋರಿಸಿಬಿಡೋಣ ಎಂದು ತಮ್ಮ ಅತ್ಯಂತ ಜಾಣತನದ ವಿಡಿಯೊವನ್ನು ಆರಿಸಿಕೊಂಡೆ. ಮೈದಾ, ಉಪ್ಪು, ನೀರು ಕಲಸಿದ ಮುದ್ದೆಗೆ ಮಗುವಿನ ಪಾದ ಒತ್ತಿ ಸುಟ್ಟರೆ ಜೀವಮಾನವಿಡೀ ಉಳಿಯುವ ನೆನಪು. ಅದೇ ಓವನ್ನಿನಲ್ಲಿ, ಅದೇ ಹೊತ್ತಿಗೆ, ಮೈದಾ, ಹಾಲು, ಚೂರು ಬೆಣ್ಣೆ ಕಲಸಿದ ಮುದ್ದೆಯಿಂದ ಮಗುವಿಗೆ ಬಿಸ್ಕತ್ತು. ಎರಡು ಕೆಲಸ, ಒಂದೇ ಕರೆಂಟು. ತಮ್ಮ ಪರದೆಯಲ್ಲಿ ಇದ್ದ ಹಾಗೆಯೇ ಉಪ್ಪಿನದನ್ನು ಎಡಕ್ಕೂ ಬಿಸ್ಕತ್ತಿನದನ್ನು ಬಲಕ್ಕೂ ಇಟ್ಟು, ಒದ್ದೆ ಬಟ್ಟೆ ಮುಚ್ಚಿ, ಚಿನಕುರಳಿಯ ಚಡ್ಡಿ ಬದಲಿಸಲು ಹೋಗಿಬಂದೆ.

ಬಂದು ಬಟ್ಟೆ ತೆಗೆದರೆ ಎರಡೂ ಅವಳಿ ಮಕ್ಕಳ ಹಾಗಿದ್ದವು. ಮೊಬೈಲ್ ನೋಡಿದೆ, ಎಡಗಡೆಯದು ಉಪ್ಪಿನದು. ಇಲ್ಲಿ ನನ್ನ ಕಸುಬು ಅಡ್ಡ ಬಂತು. ಬಟ್ಟೆಯ ಒಳಮಗ್ಗುಲನ್ನು ಮೇಲೆ ಮಾಡಿ ಹಾಸಿ ಕತ್ತರಿಸುವವರಿಗೆ ಕಣ್ಣಿಗೆ ಎಡಕ್ಕೆ ಕಂಡ ತೋಳು ತೊಟ್ಟಾಗ ಬಲಕ್ಕೆ ಬರುತ್ತದೆ; ಆಯಸ್ಸೆಲ್ಲ ಹಾಗೆ ತಿರುಗಿಸಿ ತಿರುಗಿಸಿ ಅಭ್ಯಾಸವಾದ ತಲೆ ಇದನ್ನೂ ತಿರುಗಿಸಿ, ಬಲಗಡೆಯದೇ ಉಪ್ಪಿನದು ಎಂದು ತೀರ್ಪು ಕೊಟ್ಟಿತು. ಒಂದು ಚೂರು ಬಾಯಿಗೆ ಹಾಕಿ ನೋಡಬಾರದಿತ್ತೇ ಎಂದು ತಾವು ಕೇಳಬಹುದು. ಹಾಕಬಹುದಿತ್ತು. ಆದರೆ ತಾವು ಯಾವ ವಿಡಿಯೊದಲ್ಲೂ ಮಾಡಿದ್ದನ್ನು ರುಚಿ ನೋಡಿದ್ದು ಕಾಣೆ. ಗುರುಗಳು ಮಾಡದ್ದನ್ನು ಶಿಷ್ಯೆ ಮಾಡುವುದು ಉದ್ಧಟತನವಾದೀತೆಂದು ಸುಮ್ಮನಾದೆ.

ಪಾದ ಎಷ್ಟು ಚೆನ್ನಾಗಿ ಮೂಡಿತೆಂದರೆ ಸುಟ್ಟು ತೆಗೆದ ಮೇಲೂ ಕಿರುಬೆರಳಿನ ಸುಕ್ಕು ಕಾಣುತ್ತಿತ್ತು. ಬಿಸ್ಕತ್ತುಗಳು ಬಾಟಲಿ ಮುಚ್ಚಳದ ಅಳತೆಗೆ ದುಂಡಗೆ ಬಂದವು. ಮಗುವಿಗೆ ಏನು ಕೊಡುವುದಿದ್ದರೂ ಮೊದಲು ಅಳಿಯ ತಿಂದು ನೋಡುವುದು ನಮ್ಮ ಮನೆಯ ಕ್ರಮ. ಅತ್ತೆಯ ಮೇಲೆ ಗೌರವ ಇರುವ ಹುಡುಗ. ಕಚ್ಚಿದ, ಕಣ್ಣಲ್ಲಿ ನೀರು ತುಂಬಿಕೊಂಡಿತು, "ಚೆನ್ನಾಗಿದೆ ಅತ್ತೆ, ಸ್ವಲ್ಪ ಗಟ್ಟಿಮುಟ್ಟಾಗಿದೆ ಅಷ್ಟೆ" ಅಂದು ದವಡೆ ಹಿಡಿದುಕೊಂಡು ಇನ್ನೊಂದಕ್ಕೆ ಕೈ ಚಾಚಿದ. ಮಗಳಿಗೆ ಅಂಥ ಗೌರವವಿಲ್ಲ. ಸಿಂಕಿನ ಹತ್ತಿರ ಉಗಿದು ಬಾಯಿ ತೊಳೆದು, "ಏನಮ್ಮ ಇದು, ಸಮುದ್ರಾನೇ ಸುಟ್ಟು ತಂದಿದೀಯ" ಅಂದಳು. ನನ್ನ ಸೋಮವಾರಗಳೆಲ್ಲ ಡೇ ಕೇರಿನ ಗೇಟು ದಾಟಿ ಹೋಗುತ್ತಿರುವುದು ನನಗೆ ಕಣ್ಣಾರೆ ಕಂಡಿತು.

ಅಷ್ಟರಲ್ಲಿ ಮೇಜಿನ ಅಂಚಿನಲ್ಲಿ ಚಪ್ಪರಿಸುವ ಸದ್ದು. ಅಳಿಯನ ತೊಡೆಯ ಮೇಲಿದ್ದ ಚಿನಕುರಳಿ ಜೀವಮಾನವಿಡೀ ಉಳಿಯಬೇಕಾದ ತನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಶುರುಮಾಡಿ, ಐದೂ ಬೆರಳುಗಳನ್ನು ಮುಗಿಸಿ ಅಂಗಾಲಿಗೆ ಬಂದಿದ್ದಳು. ಮಗಳು ಕಿತ್ತುಕೊಂಡು ಹಿಮ್ಮಡಿಯ ತುದಿಯನ್ನು ಕಚ್ಚಿ ನೋಡಿದಳು. ಇನ್ನೊಮ್ಮೆ ಕಚ್ಚಿದಳು. ಕೆಲಸಕ್ಕೆ ಹೋಗುವ ಚಿಂತೆ ಹತ್ತಿದಾಗಿನಿಂದ ನಗುವುದನ್ನೇ ಮರೆತಿದ್ದವಳು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, "ಚಮಚ ತೋರಿಸಿದ್ರೆ ಮುಖ ತಿರುಗಿಸೋಳು, ನೀನು ಮಾಡಿದ್ದನ್ನ ಚಪ್ಪರಿಸಿ ಚಪ್ಪರಿಸಿ ತಿಂತಿದಾಳಲ್ಲಮ್ಮ. ಇಲ್ಲೇ ಇರ್ಲಿ ಬಿಡು. ಆದ್ರೆ ಒಂದು ಮಾತು, ಆ ಕೈಗಳನ್ನ ಇನ್ಮೇಲೆ ಮನೆಗೆ ಸೇರಿಸ್ಬೇಡ" ಅಂದಳು.

ಹಾಗಾಗಿ ಇದು ಒಂದು ರೀತಿಯಲ್ಲಿ ಬೀಳ್ಕೊಡುಗೆಯ ಪತ್ರ. ಹೋಗುವ ಮುನ್ನ ಒಂದೆರಡು ಬಿನ್ನಹ. ಎಷ್ಟು ಚೆಲ್ಲಿದರೂ ತಾನೇ ಒರೆಸಿಕೊಳ್ಳುವ ತಮ್ಮ ಬಿಳಿ ಮೇಜನ್ನು ಒಂದು ವಾರದ ಮಟ್ಟಿಗೆ ಕಳಿಸಿಕೊಡಬೇಕು. ಒತ್ತಿದಲ್ಲಿ ಒತ್ತಿಸಿಕೊಂಡು ಸುಮ್ಮನಿರುವ ತಮ್ಮ ಮಗುವಿನ ಪಾದವನ್ನು ಯಾವ ಅಂಗಡಿಯಲ್ಲಿ ತಂದಿರೆಂದು ತಿಳಿಸಬೇಕು. ಮತ್ತು ಎಲ್ಲ ಮುಗಿದ ಮೇಲೆ ಪಾತ್ರೆ ತೊಳೆಯುವ ಕೈಗಳು ಯಾರವು, ಅವುಗಳ ವಿಡಿಯೊ ಯಾವಾಗ ಬರುತ್ತದೆ, ಅದನ್ನೂ ದಯವಿಟ್ಟು ಬೇಗ ಬರೆಯಿರಿ. ಬರೆಯಲು ತಮಗೆ ಕೈಗೇನೂ ಬಡತನವಿಲ್ಲವಲ್ಲ.

ಅಂಟಿಕೊಂಡ ಕತ್ತರಿಯಾಣೆಗೂ
ತಮ್ಮ ವಿಶ್ವಾಸಿ,
ಚಿನಕುರಳಿಯ ಅಜ್ಜಿ

ತಾ.ಕ.: ಮಗುವಿನ ನೆನಪಿನ ಗುರುತಿಗಾಗಿ ತಾವು ಇನ್ನು ಚಿಂತಿಸಬೇಕಾಗಿಲ್ಲ. ಗೋಡೆಯ ಮೇಲಿನ ಕ್ಯಾರೆಟ್ ಅಂಗೈಯನ್ನು ಯಾರೂ ಒರೆಸಕೂಡದೆಂದು ಮಗಳು ಕಟ್ಟಪ್ಪಣೆ ಮಾಡಿ ಕೆಲಸಕ್ಕೆ ಹೋಗಿದ್ದಾಳೆ. ಉಪ್ಪಿನ ಬಿಸ್ಕತ್ತುಗಳಿಗೆ ಇರುವೆಯೂ ಮುತ್ತಿಲ್ಲ. ಒಂದನ್ನು ಹೊಲಿಗೆ ಮೆಷಿನ್ನಿನ ಗಿಡ್ಡ ಕಾಲಿನ ಕೆಳಗೆ ಇಟ್ಟಿದ್ದೇನೆ, ಈಗ ಅಲುಗಾಡುವುದಿಲ್ಲ. ಇನ್ನೊಂದನ್ನು ಇದರ ಜೊತೆ ತಮಗೆ ಕಳಿಸುತ್ತಿದ್ದೇನೆ. ತಿಂದು ನೋಡಿ ಎನ್ನಬಹುದಿತ್ತು, ಆದರೆ ತಮಗೆ ಬಾಯಿ ಇದೆಯೋ ಇಲ್ಲವೋ, ನಾನಂತೂ ಕಂಡಿಲ್ಲ.